ಮಂಡಿಪಟ್ಟಿಯ ಹೊಲಿಗೆ

ಮಾರ್ಚ್ ೨, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ನಿನ್ನ ಎರಡೂ ಕಾಗದ ತಲುಪಿವೆ. ಎರಡನೆಯದರಲ್ಲಿ ನೀನು ಬೈದಿರುವುದೂ ತಲುಪಿದೆ. ಇಷ್ಟು ದಿನ ಉತ್ತರ ಬರೆಯದಿದ್ದದ್ದು ತಪ್ಪೇ, ಇನ್ನೂ ನಾಲ್ಕು ಬೈಸಿಕೊಳ್ಳಲು ತಲೆ ಬಗ್ಗಿಸಿ ಕೂತಿದ್ದೇನೆ. ಫೋನು ಮಾಡಬಹುದಿತ್ತಲ್ಲ ಅನ್ನಬೇಡ. ನಿನ್ನ ಕಿವಿಗೆ ಕೇಳಿಸುವಷ್ಟು ಜೋರಾಗಿ ನಾನು ಕೂಗಿದರೆ ಮೊದಲು ಪಕ್ಕದ ಮನೆಗೆ ಕೇಳಿಸುತ್ತದೆ, ಆಮೇಲೆ ನಮ್ಮ ಮನೆಯವರಿಗೆ, ಕೊನೆಗೆ ನಿನಗೆ. ಕೆಲವು ಮಾತು ಕಾಗದದಲ್ಲೇ ಚೆಂದ.

ಇವರ ಮಂಡಿಯ ವಿಷಯ ಮೊದಲು ಹೇಳಿಬಿಡುತ್ತೇನೆ, ನೀನು ಕಾಯುತ್ತಿರುವುದು ಅದಕ್ಕೇ. ಆಪರೇಷನ್ ಚೆನ್ನಾಗಿ ಆಯಿತು. ಟೈಲ್ಸ್ ಪೆಟ್ಟಿಗೆ ಹೊತ್ತುಕೊಂಡು ಮೆಟ್ಟಿಲಲ್ಲಿ ಜಾರಿ ಬಿದ್ದರಲ್ಲ, ಆಗ ಮಂಡಿಯೊಳಗೆ ಮೂಳೆಯ ತುದಿಯನ್ನು ಮುಚ್ಚಿರುವ ನುಣುಪಾದ ಪದರ ಒಂದು ಕಡೆ ಕಿತ್ತುಹೋಗಿತ್ತಂತೆ. ಕಾರ್ಟಿಲೇಜ್ ಅನ್ನುತ್ತಾರೆ. ಚರ್ಮದ ಹಾಗೆ ಅದು ತಾನಾಗಿ ಬೆಳೆದು ಮುಚ್ಚಿಕೊಳ್ಳುವುದಿಲ್ಲವಂತೆ. ಡಾಕ್ಟರಮ್ಮ ಇವರ ಕಸುಬು ಕೇಳಿಕೊಂಡು, "ನೆಲದಲ್ಲಿ ಒಂದು ಟೈಲ್ ಎದ್ದುಹೋಗಿದೆ ಅಂದ್ಕೊಳ್ಳಿ" ಅಂದರು. ಇವರು ಬಿಡುತ್ತಾರೆಯೇ? "ಪಕ್ಕದ್ದು ಗಟ್ಟಿ ಇದ್ಯಾ ಮೇಡಂ? ಒಂದು ಎದ್ರೆ ಪಕ್ಕದ್ದೂ ಟೊಳ್ಳು ಬಂದಿರುತ್ತೆ, ತಟ್ಟಿ ನೋಡ್ಬೇಕು" ಅಂದರು. ಭಾವ ಇವರಿಗೆ ರಸಮಟ್ಟ ಅಂತ ಹೆಸರಿಟ್ಟದ್ದು ಸುಮ್ಮನೆ ಅಲ್ಲ. ದೇವರೇ ಬಂದು ನೆಲ ಹಾಸಿದರೂ ಸಮ ಇದೆಯೇ ಅಂತ ರಸಮಟ್ಟ ಇಟ್ಟು, ಅದರೊಳಗಿನ ಗುಳ್ಳೆ ಎತ್ತ ಸರಿಯಿತು ಅಂತ ನೋಡುವ ಮನುಷ್ಯ.

ಮೊದಲು ಒಂದು ಸಲ ಸಣ್ಣ ತೂತಿನಿಂದ ಮಂಡಿಯ ಒಳಗೆ ಹೋಗಿ, ಭಾರ ಬೀಳದ ಮೂಲೆಯಿಂದ ಅಕ್ಕಿಕಾಳಿನಷ್ಟು ಕಾರ್ಟಿಲೇಜ್ ತೆಗೆದರು. ಅದರೊಳಗಿನ ಜೀವಕೋಶಗಳನ್ನು ಪ್ರಯೋಗಶಾಲೆಯಲ್ಲಿ ವಾರಗಟ್ಟಲೆ ಸಾಕಿ, ಲಕ್ಷಗಟ್ಟಲೆ ಮಾಡಿ, ತೆಳುವಾದ ಪೊರೆಯ ಮೇಲೆ ಕೂರಿಸಿ, ಮತ್ತೆ ಮಂಡಿ ತೆರೆದು ಆ ಗುಂಡಿಗೆ ಅಂಟಿಸಿದರು. ನನಗೆ ಇದು ಥಟ್ಟನೆ ಅರ್ಥವಾಯಿತು. ಪ್ಯಾಂಟಿನ ಮಂಡಿ ಹರಿದಾಗ ಬೇರೆ ಬಟ್ಟೆಯ ತೇಪೆ ಹಾಕಿದರೆ ಎದ್ದು ಕಾಣುತ್ತದೆ. ಅದೇ ಪ್ಯಾಂಟಿನ ಕಾಲಿನೊಳಗೆ ಮಡಿಚಿಟ್ಟ ಬಟ್ಟೆ ಕತ್ತರಿಸಿ ಹಾಕಿದರೆ ಹೆತ್ತ ತಾಯಿಗೂ ಗೊತ್ತಾಗುವುದಿಲ್ಲ. ಹಾಗೆಂದೆ. ಡಾಕ್ಟರಮ್ಮ ನಕ್ಕರು. "ಅಷ್ಟೇ ನೋಡಿ. ಆದ್ರೆ ನಮ್ಮ ತುಂಡು ಚಿಕ್ಕದು, ಬೆಳೆಸ್ಕೋಬೇಕು. ಬೆಳೆಸೋದು ನಮ್ಮ ಕೆಲಸ, ಕಾಪಾಡೋದು ನಿಮ್ಮ ಕೆಲಸ." ಕೊನೆಯ ಮಾತು ಹೇಳುವಾಗ ಅವರು ಇವರನ್ನು ನೋಡಲಿಲ್ಲ, ನನ್ನನ್ನು ನೋಡಿದರು.

ಕಾಪಾಡುವುದು ಅಂದರೆ ಆರು ವಾರ ಕಾಲನ್ನು ನೆಲಕ್ಕೆ ಊರುವ ಹಾಗಿಲ್ಲ. ತೊಡೆಯಿಂದ ಮೀನಖಂಡದವರೆಗೆ ಎರಡು ಕಡೆ ಕಂಬಿ ಇರುವ ಮಂಡಿಪಟ್ಟಿ. ಮಂಡಿಯನ್ನು ಮೆಲ್ಲಗೆ ಮಡಿಸಿ ಬಿಡಿಸುವ ಒಂದು ಯಂತ್ರವನ್ನು ಬಾಡಿಗೆಗೆ ತಂದಿದ್ದೆವು. ಅದು ಅತ್ತ ಕರ್ರ್ ಅನ್ನುತ್ತಿತ್ತು, ನನ್ನ ಹೊಲಿಗೆ ಯಂತ್ರ ಇತ್ತ ಟಕಟಕ ಅನ್ನುತ್ತಿತ್ತು, ಮನೆ ಕಾರ್ಖಾನೆಯಾಗಿತ್ತು. ಸ್ನಾನಕ್ಕೆ, ಶೌಚಕ್ಕೆ ನನ್ನ ಹೆಗಲೇ ಆಸರೆ. ಮೊದಲ ದಿನ ಬಚ್ಚಲಲ್ಲಿ ಗೋಡೆ ಕಡೆ ಮುಖ ಮಾಡಿ ಕೂತು ಅತ್ತರು ಅಕ್ಕ. ಮರುದಿನ "ಇದೇನು ನೀರು ಕಾಯ್ಸಿದ್ಯಾ, ಇಲ್ಲ ಬಾವಿಗೆ ಬೆಂಕಿ ತೋರ್ಸಿ ತಂದ್ಯಾ?" ಅಂತ ಬೈದರು. ಆಗ ನನಗೆ ಸಮಾಧಾನವಾಯಿತು.

ಈಗ ನಾಚಿಕೆಗೇಡಿನ ಮಾತು ಹೇಳುತ್ತೇನೆ, ನಿನ್ನ ಹೊಟ್ಟೆಯಲ್ಲಿ ಹಾಕಿಕೋ. ನಾನು ಸುಖವಾಗಿದ್ದೇನೆ. ಗಂಡ ಕಾಲು ಮುರಿದುಕೊಂಡವರ ಹಾಗೆ ಬಿದ್ದಿರುವಾಗ ಯಾವ ಹೆಂಗಸು ಹೀಗೆ ಹೇಳುತ್ತಾಳೆ? ಬೆಳಕು ಹರಿಯುವ ಮೊದಲು ಹೋಗಿ, ಮೈತುಂಬ ಸಿಮೆಂಟು ಧೂಳು ಮೆತ್ತಿಕೊಂಡು ಬಂದು, ಉಂಡು ಮಲಗುವ ಮನುಷ್ಯನ ಜೊತೆ ಇಪ್ಪತ್ತೈದು ವರ್ಷ ಸಂಸಾರ ಮಾಡಿದೆ. ಮಕ್ಕಳಿಲ್ಲದ ಮನೆ. ಹಗಲೆಲ್ಲ ನಾನು ಮಾತಾಡಿದ್ದು ಸೂಜಿ ದಾರದ ಜೊತೆ. ಈಗ ಇವರ ಮಂಚವನ್ನು ನನ್ನ ಹೊಲಿಗೆ ಕೋಣೆಗೇ ಎಳೆಸಿದ್ದೇನೆ. ಕಾಲು ಚಾಚಿಕೊಂಡು ನನ್ನ ಗುಂಡಿ ಡಬ್ಬಗಳನ್ನೆಲ್ಲ ಸುರುವಿ ಬಣ್ಣಕ್ಕೊಂದು, ಅಳತೆಗೊಂದು ವಿಂಗಡಿಸುತ್ತಾರೆ. ಹಳೆ ಹೊಲಿಗೆ ಬಿಚ್ಚಿಕೊಡುತ್ತಾರೆ. ಗಿರಾಕಿ ಹೆಂಗಸೊಬ್ಬಳು ಬಂದು ಸೊಂಟ ಸ್ವಲ್ಪ ಬಿಗಿ ಮಾಡಿ ಅಂತ ಹೇಳಿ ಹೋದರೆ, "ಬಟ್ಟೆ ಬಿಗಿ ಮಾಡಿದ್ರೆ ಸೊಂಟ ಹೆದರ್ಕೊಂಡು ಸಣ್ಣ ಆಗುತ್ತೇನೇ?" ಅನ್ನುತ್ತಾರೆ. ನಾನು ಸೂಜಿ ಬಾಯಲ್ಲಿಟ್ಟುಕೊಂಡು ನಕ್ಕು ಅದನ್ನು ನುಂಗದೆ ಉಳಿದದ್ದೇ ಹೆಚ್ಚು.

ಇವರು ನೆಲ ಹಾಸಿದ ಮನೆಗಳ ಕಥೆ ಕೇಳಬೇಕು ನೀನು. ಸಾಮಾನು ಬರುವ ಮೊದಲು, ಜನ ಬರುವ ಮೊದಲು, ಆ ಮನೆಗಳು ಹೇಗೆ ಕಾಣುತ್ತವೆ, ಯಾವ ಕೋಣೆಯಲ್ಲಿ ಬೆಳಗಿನ ಬಿಸಿಲು ಯಾವ ಟೈಲಿನವರೆಗೆ ಬರುತ್ತದೆ ಎಲ್ಲ ಇವರಿಗೆ ನೆನಪಿದೆ. ನನ್ನ ಮನೆಯ ನೆಲ ಮಾತ್ರ ನೆನಪಿರಲಿಲ್ಲ. ಮೊನ್ನೆ ಮಂಚದಿಂದ ಬಗ್ಗಿ ನೋಡಿ, "ಮಿಷಿನ್ ಕಾಲಿನ ಕೆಳಗೆ ಇದೇನೇ ಚಿಂದಿ?" ಅಂದರು. ಆ ಮೂಲೆಯ ನೆಲ ತಗ್ಗು, ಮಿಷಿನ್ ಅಲುಗಾಡುತ್ತದೆ, ಅದಕ್ಕೆ ಚಿಂದಿ ಮಡಿಚಿ ಇಟ್ಟಿದ್ದೇನೆ ಅಂದೆ. "ಎಷ್ಟು ದಿನದಿಂದ?" "ಮದುವೆಯಾಗಿ ಈ ಮನೆಗೆ ಬಂದಾಗಿನಿಂದ. ನೀವು ನೋಡಿದ್ದು ಇವತ್ತು." ದೀಪದ ಬುಡ ಕತ್ತಲು ಅಂತಾರಲ್ಲ, ಹಾಗೆ. ಇವರ ಮುಖ ಸಣ್ಣದಾಯಿತು. "ಮಂಡಿ ಸರಿಯಾಗ್ಲಿ ಕಣೇ, ಮೊದ್ಲು ಮೊಣಕಾಲೂರೋದು ಈ ಮೂಲೆಗೇ" ಅಂದರು. ನಾನು ಆ ಮಾತನ್ನು ದಿನಕ್ಕೆ ಹತ್ತು ಸಲ ನೆನೆಸಿಕೊಂಡು ಹೊಲಿಯುತ್ತೇನೆ.

ಹೋದ ವಾರ ತಪಾಸಣೆಗೆ ಹೋಗಿದ್ದೆವು. ಇನ್ನೂ ಎರಡು ವಾರ ಹೀಗೇ ಇರಲಿ, ಅವಸರ ಬೇಡ ಅಂದಿದ್ದಾರೆ. ಯಂತ್ರ ವಾಪಸು ಕೊಟ್ಟೆವು. ಮಲಗಿ ಮಲಗಿ ಇವರ ತೊಡೆ ಸೊರಗಿ ಮಂಡಿಪಟ್ಟಿ ಜಾರುತ್ತಿತ್ತು. ಅದರ ಪಟ್ಟಿಗಳನ್ನು ಒಳಕ್ಕೆ ಹಿಡಿದು ಹೊಲಿದು ಬಿಗಿ ಮಾಡಿದ್ದೇನೆ. ಅಂಗಡಿಯಿಂದ ಬಂದದ್ದಕ್ಕಿಂತ ಅಚ್ಚುಕಟ್ಟಾಗಿದೆ ಅಂತ ಇವರೇ ಹೊಗಳಿದರು.

ಭಾವನಿಗೆ ನಮಸ್ಕಾರ, ನಿನ್ನ ಮೊಮ್ಮಗಳಿಗೆ ನನ್ನ ಮುತ್ತು ಮತ್ತು ಆಶೀರ್ವಾದ. ಅವಳ ಅಳತೆ ಕಳಿಸು, ಒಂದು ಫ್ರಾಕ್ ಹೊಲಿದುಕೊಡುತ್ತೇನೆ.

ನಿನ್ನ
ತಂಗಿ

ಮರೆತ ಮಾತು: ಬಂದು ನೋಡಿಕೊಂಡು ಹೋಗುತ್ತೇನೆ ಅಂದಿದ್ದೀಯ. ಈಗ ಬೇಡ ಅಕ್ಕ. ಮನೆ ಚಿಕ್ಕದು, ಮಂಚ ಬೇರೆ ಅಡ್ಡ. ಇವರು ಎದ್ದು ಓಡಾಡುವಂತಾಗಲಿ, ಆಮೇಲೆ ಬಾ. ಬೇಸರ ಮಾಡಿಕೊಳ್ಳಬೇಡ.


ಏಪ್ರಿಲ್ ೧೩, ಭಾನುವಾರ

ಅಕ್ಕ,

ಈ ಸಲ ನಮಸ್ಕಾರ ಹೇಳಲೂ ಮುಖವಿಲ್ಲ. ನೀನು ಅಳತೆ ಕಳಿಸಿ ತಿಂಗಳಾಗುತ್ತ ಬಂತು, ಮಗುವಿನ ಫ್ರಾಕ್ ಕತ್ತರಿಸಿ ಇಟ್ಟದ್ದು ಹಾಗೇ ಇದೆ. ತಡವಾದದ್ದಕ್ಕೆ ಏನೇನೋ ನೆಪ ಬರೆದು ಎರಡು ಹಾಳೆ ಹರಿದುಹಾಕಿದೆ. ಮೂರನೆಯದರಲ್ಲಿ ನಿಜವನ್ನೇ ಬರೆಯುತ್ತಿದ್ದೇನೆ, ಪೂರ್ತಿ ಓದಿ ಆಮೇಲೆ ಉಗಿ.

ಹೋದ ಕಾಗದದಲ್ಲಿ ನಿನಗೆ ಒಂದು ಸುಳ್ಳು ಬರೆದಿದ್ದೆ. ಎರಡು ವಾರ ಹೀಗೇ ಇರಲಿ ಅಂತ ಡಾಕ್ಟರಮ್ಮ ಹೇಳಿರಲಿಲ್ಲ. ಅದನ್ನು ಹೇಳಿದವಳು ನಾನು.

ಆ ದಿನ ಸ್ಕ್ಯಾನ್ ಮುಗಿದು ಇವರು ಒಳಗೆ ಬಟ್ಟೆ ಹಾಕಿಕೊಳ್ಳುತ್ತಿದ್ದರು. ಡಾಕ್ಟರಮ್ಮ ಇನ್ನೊಂದು ಆಪರೇಷನ್ನಿಗೆ ಹೊರಟವರು ನನ್ನನ್ನು ಕಂಡು ನಿಂತರು. "ತುಂಬಾ ಚೆನ್ನಾಗಿ ಕೂತಿದೆ ಕಣಮ್ಮ, ನಾನೇ ಇಷ್ಟು ಅಂದ್ಕೊಂಡಿರ್ಲಿಲ್ಲ. ಇನ್ನು ಪಟ್ಟಿ ಬಿಚ್ಚಿ ದಿನಾ ಮಂಡಿ ಮಡಿಸ್ಬೇಕು, ಕಾಲು ಸ್ವಲ್ಪ ಸ್ವಲ್ಪ ಊರಕ್ಕೆ ಶುರು ಮಾಡ್ಲಿ. ವ್ಯಾಯಾಮ ಮಾಡ್ಸೋ ಹುಡುಗಿ ಮನೆಗೇ ಬರ್ತಾಳೆ, ಫೋನ್ ಮಾಡಿ ಕರೆಸ್ಕೊಳ್ಳಿ. ನೋವು ಅಂತ ಬಿಟ್ರೆ ಮಂಡಿ ಒಳಗೇ ಅಂಟ್ಕೊಂಡ್ಬಿಡುತ್ತೆ, ಹುಷಾರು" ಅಂದರು. ಎಲ್ಲ ಸರಿಯಾಗಿ ಕೇಳಿಸಿಕೊಂಡೆ. ಕಿವುಡು ನಿನಗೆ, ನನಗಲ್ಲ.

ಬಾಡಿಗೆ ಕಾರಿನಲ್ಲಿ ಇವರು, "ಏನಂದ್ರೇ?" ಅಂದರು. "ಇನ್ನೂ ಎರಡು ವಾರ ಹೀಗೇ ಇರ್ಲಿ ಅಂದ್ರು" ಅಂದೆ. ನಾಲಿಗೆ ಒಂದು ಚೂರು ತಡವರಿಸಲಿಲ್ಲ ಅಕ್ಕ. ಮೊದಲೇ ಯೋಚಿಸಿ ಹೇಳಿದ್ದಲ್ಲ, ಬಾಯಿಂದ ಬಂದುಬಿಟ್ಟಿತು. ಇವರು ಬೈಯಬಹುದು, ಕೆಲಸ ಹಾಳಾಯಿತು ಅಂತ ಕೂಗಾಡಬಹುದು ಅಂದುಕೊಂಡೆ. "ಸರಿ ಬಿಡು, ಹೇಗೂ ಇನ್ನೊಂದು ಡಬ್ಬ ಗುಂಡಿ ಬಾಕಿ ಇದ್ಯಲ್ಲ" ಅಂದರು. ಆ ಮಾತಿಗೆ ನಾನು ಕೆಟ್ಟೆ. ಕಿಟಕಿ ಕಡೆ ತಿರುಗಿ ಕೂತು ಮನೆ ತಲುಪುವವರೆಗೂ ಖುಷಿಪಟ್ಟೆ.

ಎರಡು ವಾರ ಮುಗಿದ ಮೇಲೆ ಹೇಳಿಬಿಡೋಣ ಅಂತಲೇ ಇದ್ದೆ. ಅಷ್ಟರಲ್ಲಿ ಇವರ ಜೊತೆಗಾರ ನೋಡಲು ಬಂದ. ದೊಡ್ಡ ಮನೆಯ ಕೆಲಸ ಹಿಡಿದಿದ್ದಾನಂತೆ. "ರಸಮಟ್ಟ ಇಲ್ದೆ ಮಾಡಿದ್ರೆ ನಂಗೆ ನಿದ್ದೆ ಬರಲ್ಲ ಅತ್ತಿಗೆ, ಯಾವಾಗ ಕಳಿಸ್ಕೊಡ್ತೀರಾ?" ಅಂದ. ಇವರ ಕಣ್ಣು ಹೊಳೆದದ್ದನ್ನು ನೋಡಿದೆ. ಗುಂಡಿ ವಿಂಗಡಿಸುವಾಗ ಯಾವತ್ತೂ ಹಾಗೆ ಹೊಳೆದಿರಲಿಲ್ಲ. ಅವನು ಹೋದ ಮೇಲೆ, ಡಾಕ್ಟರಮ್ಮ ಫೋನ್ ಮಾಡಿದ್ದರು, ಮತ್ತೆರಡು ವಾರ ಅಂದರು ಅಂತ ಇನ್ನೊಂದು ಸುಳ್ಳು ಹೇಳಿದೆ. ಮೊದಲನೆಯದು ಬಾಯಿ ತಪ್ಪಿ ಬಂದದ್ದು ಅಂತ ಇಟ್ಟುಕೊಂಡರೂ, ಇದಕ್ಕೆ ಏನಂತ ಹೇಳಲಿ? ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಕಾಪಾಡುವುದು ನಿಮ್ಮ ಕೆಲಸ ಅಂತ ನನ್ನ ಮುಖ ನೋಡಿ ಹೇಳಿದ್ದರಲ್ಲ ಆಕೆ.

ಆ ಮಂಡಿಪಟ್ಟಿಯ ಹೊಲಿಗೆಯೂ ಹಾಗೆಯೇ. ತೊಡೆ ಸೊರಗುತ್ತಿದೆ, ಕಾಲಿಗೆ ಕೆಲಸ ಬೇಕು ಅಂತ ಅದು ಕೂಗಿ ಹೇಳುತ್ತಿತ್ತು. ನಾನು ದರ್ಜಿ, ಸಡಿಲವಾದದ್ದನ್ನು ಕಂಡರೆ ಹಿಡಿದು ಹೊಲಿಯುವುದು ಬಿಟ್ಟು ನನ್ನ ಕೈಗೆ ಬೇರೆ ಗೊತ್ತಿಲ್ಲ. ಮತ್ತೆ ಸಡಿಲವಾಯಿತು, ಮತ್ತೆ ಹಿಡಿದು ಹೊಲಿದೆ. ಮಂಡಿ ಅಲ್ಲಾಡದಂತೆ ನಾನೇ ಕೈಯಾರೆ ಕಟ್ಟಿಹಾಕಿದೆ.

ಕೊನೆಗೆ ಆಸ್ಪತ್ರೆಯವರೇ ಬರಹೇಳಿದರು. ಡಾಕ್ಟರಮ್ಮ ಪಟ್ಟಿ ಬಿಚ್ಚಿ, "ಎಲ್ಲಿ, ಮಡಿಸಿ ನೋಡೋಣ" ಅಂದರು. ಇವರು ಹಲ್ಲು ಕಚ್ಚಿದರು, ಬೆವರಿದರು, ಕಾಲು ಒಂದಿಷ್ಟು ಮಡಚಿಕೊಂಡು ಅಲ್ಲಿಗೇ ನಿಂತಿತು. ಡಾಕ್ಟರಮ್ಮ ಕೈ ಹಾಕಿ ನೋಡಿದರು. ಅವರ ಮುಖದ ನಗು ಹೋಯಿತು.

"ಹುಡುಗಿ ಮನೆಗೆ ಬರ್ತಿದ್ದಾಳೆ ತಾನೇ?"

ನಾನು ಗೋಡೆ ನೋಡಿದೆ. ಇವರು, "ಯಾವ ಹುಡುಗಿ ಮೇಡಂ?" ಅಂದರು.

"ಹೋದ ಸಲಾನೇ ಹೇಳಿದ್ನಲ್ಲ, ಪಟ್ಟಿ ಬಿಚ್ಚಿ ದಿನಾ ಮಡಿಸ್ಬೇಕು ಅಂತ!" ಅನ್ನುತ್ತ ಮಂಡಿಪಟ್ಟಿಯನ್ನು ಕೈಗೆತ್ತಿಕೊಂಡರು. ತಿರುಗಿಸಿ ನೋಡಿದರು. "ಇದ್ಯಾಕೆ ಹೀಗೆ ಬಿಗಿಯಾಗಿದೆ? ಯಾರು ಹೊಲಿದಿದ್ದು ಇದನ್ನ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ತಾನಾಗಿಯೇ ಸೆರಗಿನೊಳಗೆ ಹೋಯಿತು. ಇವರು ಆ ಪಟ್ಟಿಯನ್ನು ಇಸಿದುಕೊಂಡು ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದರು. ಎರಡು ಸಾಲು, ಸಣ್ಣ ಸಣ್ಣ ಹೊಲಿಗೆ, ಹಿಂದೆ ಗಂಟು ಕಾಣದ ಹಾಗೆ ಮುಗಿಸಿದ್ದು. ನನ್ನ ಕೈಯದ್ದು ಅಂತ ಕುರುಡನಿಗೂ ಗೊತ್ತಾಗುತ್ತದೆ. ಆಮೇಲೆ ನನ್ನ ಮುಖ ನೋಡಿದರು. ಅಕ್ಕ, ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅಂತ ಕಥೆಯಲ್ಲಿ ಕೇಳುತ್ತಿದ್ದೆವಲ್ಲ, ಆವತ್ತು ಆಸ್ಪತ್ರೆಯ ಆ ಬಿಳಿ ನೆಲವನ್ನು ನಾನು ಹಾಗೆಯೇ ಬೇಡಿಕೊಂಡೆ.

"ನಾನೇ ಮೇಡಂ" ಅಂದರು ಇವರು. "ನಾನೇ ಹೇಳಿ ಹೊಲಿಸ್ಕೊಂಡಿದ್ದು. ಹುಡುಗಿ ಬರೋದು ಬೇಡ ಅಂದಿದ್ದೂ ನಾನೇ, ಈಗ ಗೊತ್ತಿಲ್ಲದ ಹಾಗೆ ಕೇಳಿದ್ದು ಸುಳ್ಳು. ನೋವಿಗೆ ಹೆದರ್ಕೊಂಡೆ. ಇವಳು ಪಾಪ ಬಡ್ಕೊಂಡ್ಲು, ನಾನು ಕೇಳ್ಲಿಲ್ಲ."

ಡಾಕ್ಟರಮ್ಮ ಬೈದರು ನೋಡು. ಇಷ್ಟು ವಯಸ್ಸಾಗಿದೆ, ಬುದ್ಧಿ ಬೇಡವಾ, ನಿಮ್ಮದೇ ಜೀವಕೋಶ ಇಷ್ಟು ಚೆನ್ನಾಗಿ ಬೆಳೆದು ಕೂತಿದೆ, ಒಳಗಿನ ಕೆಲಸವೆಲ್ಲ ಅದೇ ಮಾಡಿದೆ, ನಿಮಗೆ ಮಡಿಸಿ ಬಿಡಿಸುವಷ್ಟು ಕೆಲಸ ಮಾಡಲಾಗಲಿಲ್ಲವಾ, ಹೆಂಡತಿ ಮಾತಾದರೂ ಕೇಳಬಾರದಿತ್ತಾ. ಯಾರ ಮಾತೂ ಸಹಿಸದ ಮನುಷ್ಯ ಶಾಲೆಯ ಹುಡುಗನ ಹಾಗೆ ತಲೆ ತಗ್ಗಿಸಿ "ತಪ್ಪಾಯ್ತು ಮೇಡಂ" ಅನ್ನುತ್ತಿದ್ದರು. ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ಸುಳ್ಳು ಹೇಳಿದ್ದಕ್ಕಿಂತ ಆ ನಿಂತದ್ದು ನನ್ನನ್ನು ಹೆಚ್ಚು ಸುಡುತ್ತಿದೆ. ಡಾಕ್ಟರಮ್ಮ ಹೋಗುವಾಗ ನನ್ನ ಭುಜ ತಟ್ಟಿ, "ನೀವೇನು ಮಾಡೋಕಾಗುತ್ತೆ ಬಿಡಿ" ಅಂದರು.

ಆ ವಾರವೇ ಮತ್ತೆ ಮದ್ದು ಕೊಟ್ಟು ಮಲಗಿಸಿ, ಒಳಗೆ ಕಟ್ಟಿಕೊಂಡಿದ್ದ ಅಂಟನ್ನು ಬಿಡಿಸಿ, ಮಂಡಿಯನ್ನು ಬಲವಂತವಾಗಿ ಮಡಿಸಿದರು. ಹೊಸದಾಗಿ ಬೆಳೆದದ್ದಕ್ಕೆ ಏನೂ ಆಗಿಲ್ಲವಂತೆ, ಅಷ್ಟು ದೇವರು ದೊಡ್ಡವನು. ಈಗ ವ್ಯಾಯಾಮದ ಹುಡುಗಿ ದಿನಾ ಬರುತ್ತಾಳೆ. ಇವರು ಬಾಯಲ್ಲಿ ಬಟ್ಟೆ ಕಚ್ಚಿಕೊಂಡು ಮಡಿಸಿಕೊಳ್ಳುತ್ತಾರೆ. ನಡೆಯುವುದಕ್ಕೆ, ಮೆಟ್ಟಿಲು ಹತ್ತುವುದಕ್ಕೆ ತೊಂದರೆಯಾಗಲಿಕ್ಕಿಲ್ಲ. ಮೊಣಕಾಲೂರಿ ಕೆಲಸ ಮಾಡಬಹುದೇ ಅಂತ ಕೇಳಿದ್ದಕ್ಕೆ ಡಾಕ್ಟರಮ್ಮ, "ಮೊದ್ಲಾಗಿದ್ರೆ ಹೂಂ ಅಂತಿದ್ದೆ. ಈಗ ನೋಡ್ಬೇಕು" ಅಂದರು. ಮೊಣಕಾಲೂರದ ನೆಲದ ಕೆಲಸ ಎಲ್ಲಿದೆ ಅಕ್ಕ? ದೊಡ್ಡ ಮನೆಯ ಕೆಲಸವನ್ನು ಜೊತೆಗಾರ ಬೇರೆಯವರನ್ನು ಕಟ್ಟಿಕೊಂಡು ಶುರುಮಾಡಿದ.

ಇವರು ಮನೆಗೆ ಬಂದ ಮೇಲೆ ಆ ಮಾತನ್ನು ಎತ್ತಲೇ ಇಲ್ಲ. ಯಾಕೆ ಹೀಗೆ ಮಾಡಿದೆ ಅಂತ ಒಂದು ಮಾತು ಕೇಳಲಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ, ಇಲ್ಲಿ ಜಗಳವೇ ಇಲ್ಲ, ಏನನ್ನು ಮುಗಿಸಲಿ? ಮಂಚವನ್ನು ಹೊಲಿಗೆ ಕೋಣೆಯಿಂದ ಹೊರಗಿನ ಕೋಣೆಗೆ ಎಳೆಸಿಕೊಂಡರು. ಗುಂಡಿ ಡಬ್ಬ ಮುಟ್ಟುವುದಿಲ್ಲ. ನೀರು ತಣ್ಣಗಿದ್ದರೂ ಮೈಮೇಲೆ ಹುಯ್ದುಕೊಂಡು ಬರುತ್ತಾರೆ. ನಾಲ್ಕು ಮಾತಿಗೆ ಆಸೆಪಟ್ಟು ಮಾಡಬಾರದ್ದನ್ನು ಮಾಡಿದೆ, ಆ ಮಾತೇ ಹೋಯಿತು. ಮಾಡಿದ್ದುಣ್ಣೋ ಮಹರಾಯ.

ಆಶೀರ್ವಾದ ಮಾಡು ಅಂತ ಕೇಳುವ ಯೋಗ್ಯತೆ ಉಳಿದಿಲ್ಲ. ಆದರೂ ನೀನು ದೊಡ್ಡವಳು, ಮಾಡು. ನನಗಲ್ಲ, ಇವರ ಮಂಡಿಗೆ ಮಾಡು. ಮಗುವಿನ ಫ್ರಾಕ್ ಈ ವಾರ ಖಂಡಿತ ಹೊಲಿದು ಕಳಿಸುತ್ತೇನೆ, ಅವಳು ಬೆಳೆಯುತ್ತಾಳೆ ಅಂತ ಒಳಗೆ ನಾಲ್ಕು ಬೆರಳು ಬಟ್ಟೆ ಮಡಿಚಿಟ್ಟಿದ್ದೇನೆ. ಅವಳು ನೂರು ವರ್ಷ ಬಾಳಲಿ. ಈ ಕಾಗದವನ್ನು ಭಾವನಿಗೆ ತೋರಿಸಬೇಡ. ನಿನಗೆ ಬರಬೇಕು ಅನ್ನಿಸಿದರೆ ಈಗ ಬಾ.

ನಿನ್ನ
ತಂಗಿ

ಲಕೋಟೆ ಅಂಟಿಸುವ ಮೊದಲು ಇನ್ನೊಂದು ಮಾತು: ಇವತ್ತು ಹುಡುಗಿ ಬರಲಿಲ್ಲ, ಭಾನುವಾರ. ನಾನೇ ಇವರ ಹಿಮ್ಮಡಿ ಹಿಡಿದು ಮಡಿಸುತ್ತಿದ್ದೆ. ಬಾಯಲ್ಲಿದ್ದ ಬಟ್ಟೆ ತೆಗೆದು ಇವರು ಕೊನೆಗೂ ಮಾತಾಡಿದರು. "ನಾನು ಮನೇಲಿರ್ಲಿ ಅಂತ ಇದ್ರೆ ಬಾಯಿ ಬಿಟ್ಟು ಕೇಳ್ಬಾರ್ದಿತ್ತೇನೇ? ಇಷ್ಟು ವರ್ಷದಲ್ಲಿ ಒಂದೇ ಒಂದು ದಿನ ಇರಿ ಅಂತ ಕೇಳಿದ್ಯಾ? ಕೇಳಿದ್ರೆ ನಾನು ಇರ್ತಿರ್ಲಿಲ್ವಾ?" ಅಂದರು. ಕಣ್ಣಲ್ಲಿ ನೀರಿತ್ತು. ಕೇಳಿದ್ದೆ ಅಕ್ಕ. ನಿನಗೆ ಗೊತ್ತು, ಓಡಿ ಬಂದವಳು ನೀನು. ಹೊಟ್ಟೆಯಲ್ಲಿದ್ದ ಮಗು ಹೋದ ಮರುದಿನ ಬೆಳಿಗ್ಗೆ, ಬಾಗಿಲ ಹತ್ತಿರ ಇವರ ಅಂಗಿಯ ತೋಳು ಹಿಡಿದುಕೊಂಡು, ಇವತ್ತೊಂದು ದಿನ ಇರಿ ಅಂದಿದ್ದೆ. "ಗಾರೆ ಕಲ್ಸಿಟ್ಟಿರ್ತಾರೆ ಕಣೇ, ಗಟ್ಟಿ ಆಗ್ಬಿಡುತ್ತೆ. ನಿಮ್ಮಕ್ಕ ಬರ್ತಾರಲ್ಲ" ಅಂತ ನನ್ನ ಬೆರಳು ಬಿಡಿಸಿ ಹೋದರು. ಅದು ಅವರಿಗೆ ನೆನಪಿಲ್ಲ. ನಾಟಕ ಮಾಡುವ ಮನುಷ್ಯ ಅಲ್ಲ, ನಿಜವಾಗಿಯೂ ನೆನಪಿಲ್ಲ. ಹೇಳಿಬಿಡಬೇಕು ಅಂತ ಬಾಯಿ ತೆರೆದೆ. ನನ್ನ ತಪ್ಪು ಹೊತ್ತುಕೊಂಡು ಇವರು ಆ ಡಾಕ್ಟರಮ್ಮನ ಮುಂದೆ ತಲೆ ತಗ್ಗಿಸಿದ್ದು ಕಣ್ಣಿಗೆ ಬಂತು. "ಇಲ್ಲ ಕಣ್ರೀ, ಒಂದು ದಿನವೂ ಕೇಳ್ಲಿಲ್ಲ. ತಪ್ಪು ನಂದೇ" ಅಂದು, ಹಿಮ್ಮಡಿ ಹಿಡಿದು ಇನ್ನೊಂದು ಸಲ ಮಡಿಸಿದೆ.